ವರ್ಜೀನಿಯಾದ ಹತ್ತನೇ ಕ್ಷೇತ್ರ: ಒಂದು ಕುರ್ಚಿಯ ಎಪ್ಪತ್ತು ವರ್ಷ

2025ರ ಜನವರಿಯಲ್ಲಿ ಸುಹಾಸ್ ಸುಬ್ರಹ್ಮಣ್ಯಂ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿ ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣವಚನ ಸ್ವೀಕರಿಸಿದರು. ಅವರ ತಾಯಿ ಬೆಂಗಳೂರಿನಿಂದ ವಲಸೆ ಹೋದವರು, ಅಮೆರಿಕದಲ್ಲಿ ಬಂದಿಳಿದದ್ದು ಡಲೆಸ್ ವಿಮಾನ ನಿಲ್ದಾಣದಲ್ಲಿ. ಮಗ ಗೆದ್ದದ್ದು ಅದೇ ವಿಮಾನ ನಿಲ್ದಾಣದ ಆಸುಪಾಸಿನ ವರ್ಜೀನಿಯಾದ ಹತ್ತನೇ ಕ್ಷೇತ್ರವನ್ನು. ನಮ್ಮವರಿಗೆ ಸಂತೋಷವಾದದ್ದು ಸಹಜವೇ. ಆದರೆ ಅದೇ ಕುರ್ಚಿಯಲ್ಲಿ ಹಿಂದೆ ಕೂತವರು ಯಾರು, ಅವರನ್ನು ಕೂರಿಸಿದವರು ಯಾರು ಎಂದು ನೋಡಿದರೆ ಈ ಸಂತೋಷದ ಬೆಲೆ ಇನ್ನಷ್ಟು ಸರಿಯಾಗಿ ತಿಳಿಯುತ್ತದೆ.

ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆಯುತ್ತಾರೆ. 1950ರ ಗಣತಿಯ ನಂತರ ವರ್ಜೀನಿಯಾಕ್ಕೆ ಒಂದು ಸ್ಥಾನ ಹೆಚ್ಚಾಗಿ ಸಿಕ್ಕಿತು. ಕಾರಣ, ರಾಜಧಾನಿ ವಾಷಿಂಗ್ಟನ್ನಿನ ಎದುರು ದಡದಲ್ಲಿದ್ದ ಆರ್ಲಿಂಗ್ಟನ್, ಅಲೆಕ್ಸಾಂಡ್ರಿಯಾ, ಫೇರ್‌ಫ್ಯಾಕ್ಸ್ ಕಡೆಗಳಲ್ಲಿ ಜನ ತುಂಬಿಕೊಳ್ಳುತ್ತಿದ್ದರು. 1943ರಲ್ಲಿ ಪೆಂಟಗನ್ ಕಟ್ಟಡ ಮುಗಿದಿತ್ತು. ಯುದ್ಧ ಮುಗಿಸಿ ಬಂದವರಿಗೆ ಸರ್ಕಾರಿ ನೌಕರಿ ಇತ್ತು, ಮನೆ ಬೇಕಿತ್ತು. ಹಾಗೆ ಹುಟ್ಟಿದ ಬಡಾವಣೆಗಳ ಕ್ಷೇತ್ರವೇ ಹತ್ತನೆಯದು. ಅದರ ಮೊದಲ ಪ್ರತಿನಿಧಿ ಜೋಯೆಲ್ ಬ್ರಾಯ್‌ಹಿಲ್ ಮನೆ ಕಟ್ಟಿಸಿ ಮಾರುವ ಕುಟುಂಬದವನೇ. 1952ರಲ್ಲಿ, ಐಸೆನ್‌ಹೋವರ್ ಅಧ್ಯಕ್ಷರಾದ ಚುನಾವಣೆಯಲ್ಲಿ, ರಿಪಬ್ಲಿಕನ್ ಪಕ್ಷದಿಂದ ಕೂದಲೆಳೆಯ ಅಂತರದಲ್ಲಿ ಗೆದ್ದ.

ಬ್ರಾಯ್‌ಹಿಲ್ 22 ವರ್ಷ ಆ ಕುರ್ಚಿಯಲ್ಲಿದ್ದ. ಕ್ಷೇತ್ರದ ಜನರ ಕೆಲಸ ಮಾಡಿಕೊಡುವುದರಲ್ಲಿ ಅವನದು ಎತ್ತಿದ ಕೈ. ಪಿಂಚಣಿ ತಡವಾಯಿತೆ, ಇಲಾಖೆಯಲ್ಲಿ ಅರ್ಜಿ ಸಿಕ್ಕಿಕೊಂಡಿತೆ, ಅವನ ಕಚೇರಿಗೆ ಹೋದರಾಯಿತು. ಸರ್ಕಾರಿ ನೌಕರರೇ ಹೆಚ್ಚಾಗಿದ್ದ ಕ್ಷೇತ್ರದಲ್ಲಿ ಇದು ದೊಡ್ಡ ಬಂಡವಾಳ. ಅದೇ ಮನುಷ್ಯ 1956ರಲ್ಲಿ, ಕಪ್ಪು ಮತ್ತು ಬಿಳಿಯ ಮಕ್ಕಳು ಒಂದೇ ಶಾಲೆಯಲ್ಲಿ ಓದಬೇಕೆಂಬ ಸುಪ್ರೀಂ ಕೋರ್ಟ್ ತೀರ್ಪನ್ನು ವಿರೋಧಿಸಿದ ‘ದಕ್ಷಿಣದ ಪ್ರಣಾಳಿಕೆ’ಗೆ ಸಹಿ ಹಾಕಿದ. ಸಹಿ ಹಾಕಿದವರಲ್ಲಿ ಉಳಿದವರೆಲ್ಲ ಡೆಮಾಕ್ರಟರು. ರಿಪಬ್ಲಿಕನ್ನರು ಇಬ್ಬರೇ, ಇಬ್ಬರೂ ವರ್ಜೀನಿಯಾದವರು. 1964ರ ನಾಗರಿಕ ಹಕ್ಕುಗಳ ಕಾಯ್ದೆಗೂ 1965ರ ಮತದಾನದ ಹಕ್ಕಿನ ಕಾಯ್ದೆಗೂ ಅವನು ವಿರುದ್ಧವಾಗಿ ಮತ ಹಾಕಿದ. ನದಿಯಾಚೆಯ ವಾಷಿಂಗ್ಟನ್ ನಗರದಲ್ಲಿ ಕಪ್ಪು ಜನರು ಬಹುಸಂಖ್ಯಾತರಾಗಿದ್ದರು. ಆ ನಗರಕ್ಕೆ ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವ ಅಧಿಕಾರ ಸಿಗಬಾರದೆಂದು ವರ್ಷಗಟ್ಟಲೆ ಅಡ್ಡ ನಿಂತ.

ಇದೇ ಕ್ಷೇತ್ರದ ಆರ್ಲಿಂಗ್ಟನ್ನಿನಲ್ಲಿ 1959ರ ಫೆಬ್ರವರಿ 2ರಂದು ನಾಲ್ವರು ಕಪ್ಪು ಮಕ್ಕಳು ಪೊಲೀಸರ ಕಾವಲಿನಲ್ಲಿ ಸ್ಟ್ರ್ಯಾಟ್‌ಫರ್ಡ್ ಶಾಲೆಯ ಒಳಗೆ ಕಾಲಿಟ್ಟರು. ವರ್ಜೀನಿಯಾದಲ್ಲಿ ಬಿಳಿಯರ ಸರ್ಕಾರಿ ಶಾಲೆಗಳ ಬಾಗಿಲು ತೆರೆದದ್ದು ಆ ದಿನ, ಅಲ್ಲಿ ಮತ್ತು ನಾರ್ಫೋಕ್‌ನಲ್ಲಿ. ಆಮೇಲೂ ಬ್ರಾಯ್‌ಹಿಲ್ ಗೆಲ್ಲುತ್ತಲೇ ಹೋದ. ಓದಿದ, ಸಭ್ಯ ಮಧ್ಯಮವರ್ಗ ಅವನಿಗೆ ಮತ ಹಾಕುತ್ತಲೇ ಇತ್ತು. ತಮ್ಮ ಕೆಲಸ ಮಾಡಿಕೊಡುವ ಪ್ರತಿನಿಧಿ ಇನ್ನೊಬ್ಬರ ಬಾಗಿಲು ಮುಚ್ಚುತ್ತಿದ್ದರೆ ಅದು ಮತ ಬದಲಿಸುವಷ್ಟು ದೊಡ್ಡ ವಿಷಯ ಎಂದು ಅವರಲ್ಲಿ ಬಹಳ ಮಂದಿಗೆ ಅನ್ನಿಸಲಿಲ್ಲ. ಈ ಕ್ಷೇತ್ರದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಬ್ರಾಯ್‌ಹಿಲ್ ಸೋತದ್ದು 1974ರಲ್ಲಿ, ವಾಟರ್‌ಗೇಟ್ ಹಗರಣ ಅವನ ಪಕ್ಷವನ್ನೇ ಮುಳುಗಿಸಿದ ವರ್ಷ. ಗೆದ್ದವರು ಜೋಸೆಫ್ ಫಿಷರ್ ಎಂಬ ಅರ್ಥಶಾಸ್ತ್ರಜ್ಞ. 1980ರಲ್ಲಿ ರೇಗನ್ ಅಲೆ ಬಂತು, ಫಿಷರ್ ಹೋದರು, ಫ್ರಾಂಕ್ ವುಲ್ಫ್ ಬಂದರು. ವುಲ್ಫ್ ಕೂಡ ರಿಪಬ್ಲಿಕನ್ನರೇ, ಆದರೆ ಬೇರೆ ಜಾಯಮಾನದವರು. ಇಥಿಯೋಪಿಯಾದ ಬರಗಾಲವನ್ನು ಕಣ್ಣಾರೆ ನೋಡಿ ಬಂದವರು, ಜಗತ್ತಿನ ಎಲ್ಲೆಲ್ಲಿಯೋ ಜೈಲಿನಲ್ಲಿದ್ದವರ ಪರವಾಗಿ ಮಾತನಾಡಿದವರು. ಊರಿನಲ್ಲಿ ಮಾತ್ರ ಅವರ ಬಲ ಹಳೆಯದೇ: ರಸ್ತೆ, ರೈಲು, ವಿಮಾನ ನಿಲ್ದಾಣ, ಸರ್ಕಾರಿ ನೌಕರರ ಹಿತ. 34 ವರ್ಷ ಗೆದ್ದರು.

ಈ 34 ವರ್ಷಗಳಲ್ಲಿ ಕ್ಷೇತ್ರವೇ ಜಾಗ ಬದಲಿಸಿತು. 1990ರ ಗಣತಿಯ ನಂತರ ಆರ್ಲಿಂಗ್ಟನ್ ಕೈಬಿಟ್ಟು, ಗಡಿ ಪಶ್ಚಿಮಕ್ಕೆ ಸರಿಯಿತು. ಕುದುರೆ ಲಾಯಗಳು, ಹುಲ್ಲುಗಾವಲುಗಳ ಲೌಡನ್ ಕೌಂಟಿ ಅದರ ನಡುಮನೆಯಾಯಿತು. ಆದರೆ ಬಡಾವಣೆ ಅಲ್ಲಿಗೂ ಹಿಂಬಾಲಿಸಿ ಬಂತು. 1962ರಲ್ಲಿ ಹೊಲಗಳ ನಡುವೆ ತೆರೆದಿದ್ದ ಡಲೆಸ್ ವಿಮಾನ ನಿಲ್ದಾಣದ ಸುತ್ತ ಕಂಪ್ಯೂಟರ್ ಕಂಪನಿಗಳು ಬಂದವು, ಆಮೇಲೆ ಆ್ಯಶ್‌ಬರ್ನ್‌ನ ಡೇಟಾ ಸೆಂಟರುಗಳು. 1990ರಲ್ಲಿ ಲೌಡನ್ನಿನ ಜನಸಂಖ್ಯೆ ಸುಮಾರು 86 ಸಾವಿರ. 2020ರಲ್ಲಿ 4 ಲಕ್ಷ 20 ಸಾವಿರ, ಅದರಲ್ಲಿ ಐವರಲ್ಲಿ ಒಬ್ಬರು ಏಷ್ಯಾ ಮೂಲದವರು. ಅಲ್ಲಿನ ತೆಲುಗು, ತಮಿಳು, ಕನ್ನಡದ ಮನೆಗಳನ್ನು ಲೆಕ್ಕ ಹಿಡಿಯದೆ ಈಗ ಯಾರೂ ಚುನಾವಣೆಗೆ ನಿಲ್ಲುವುದಿಲ್ಲ.

ವುಲ್ಫ್ ನಿವೃತ್ತರಾದ ಮೇಲೆ ಅವರ ಸಹಾಯಕಿಯಾಗಿದ್ದ ಬಾರ್ಬರಾ ಕಾಮ್‌ಸ್ಟಾಕ್ 2014ರಲ್ಲಿ ಗೆದ್ದರು. 2016ರಲ್ಲಿ ಕ್ಷೇತ್ರ ಅಧ್ಯಕ್ಷ ಸ್ಥಾನಕ್ಕೆ ಹಿಲರಿ ಕ್ಲಿಂಟನ್ನರನ್ನೂ ಸಂಸತ್ತಿಗೆ ಕಾಮ್‌ಸ್ಟಾಕರನ್ನೂ ಆರಿಸಿತು. 2018ರ ಹೊತ್ತಿಗೆ ಆ ತಾಳ್ಮೆ ಮುಗಿದಿತ್ತು. ಡೆಮಾಕ್ರಟಿಕ್ ಪಕ್ಷದ ಜೆನಿಫರ್ ವೆಕ್ಸ್‌ಟನ್ ಸುಮಾರು 12 ಶೇಕಡಾಂಶಗಳ ಅಂತರದಿಂದ ಗೆದ್ದರು. ಗುಣವಾಗದ ನರರೋಗದಿಂದಾಗಿ ಅವರು ಹಿಂದೆ ಸರಿದಾಗ, 2024ರಲ್ಲಿ ಸುಹಾಸ್ ಸರದಿ ಬಂತು.

ಬ್ರಾಯ್‌ಹಿಲ್‌ನಿಂದ ಸುಹಾಸ್‌ವರೆಗಿನ ದಾರಿಯನ್ನು ಮನಃಪರಿವರ್ತನೆಯ ಕತೆಯಾಗಿ ಹೇಳುವುದು ಸುಲಭ. ಕೆಲವರ ಮನಸ್ಸು ಬದಲಾಗಿರಲೂಬಹುದು. ಆದರೆ ಮುಖ್ಯವಾಗಿ ಬದಲಾದದ್ದು ಗಡಿ, ಮತ್ತು ಗಡಿಯೊಳಗಿನ ಜನ. ಹಾಗಾಗಿ ಈ ಗೆಲುವು ಶಾಶ್ವತವಲ್ಲ. ಸುಹಾಸ್ ಗೆದ್ದದ್ದು ಐದು ಶೇಕಡಾಂಶಗಳಿಗಿಂತ ಕಡಿಮೆ ಅಂತರದಲ್ಲಿ.

ಬಾಗಿಲಿನ ಪ್ರಶ್ನೆಯೂ ಮುಗಿದಿಲ್ಲ. ಲೌಡನ್ನಿನ ಶಾಲಾ ಆಡಳಿತ ತನ್ನ ವರ್ಣಭೇದದ ಹಿಂದಿನ ದಿನಗಳಿಗಾಗಿ 2020ರಲ್ಲಿ ಸಾರ್ವಜನಿಕವಾಗಿ ಕ್ಷಮೆ ಕೇಳಿತು. ಮರುವರ್ಷವೇ ಜನಾಂಗದ ಬಗ್ಗೆ ತರಗತಿಯಲ್ಲಿ ಏನು ಕಲಿಸಬೇಕು ಎಂಬ ಜಗಳ ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. ಲೌಡನ್ನಿನ ಮಕ್ಕಳೂ ಸೇರುವ, ಪಕ್ಕದ ಫೇರ್‌ಫ್ಯಾಕ್ಸ್‌ನ ಥಾಮಸ್ ಜೆಫರ್ಸನ್ ಪ್ರೌಢಶಾಲೆ 2020ರಲ್ಲಿ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಾಗ ಕೋರ್ಟಿಗೆ ಹೋದ ಪೋಷಕರಲ್ಲಿ ಏಷ್ಯಾ ಮೂಲದವರು ಬಹಳ ಮಂದಿ ಇದ್ದರು. ಅವರ ವಾದದಲ್ಲಿ ನ್ಯಾಯವಿತ್ತೋ ಇಲ್ಲವೋ ಎಂಬುದು ಬೇರೆ ಚರ್ಚೆ, ಬ್ರಾಯ್‌ಹಿಲ್‌ನ ಕಾಲಕ್ಕೆ ಅದನ್ನು ಹೋಲಿಸುವುದೂ ಸಲ್ಲದು. ಆದರೆ ಎರಡು ತಲೆಮಾರಿನಲ್ಲಿ ನಮ್ಮವರು ಬಾಗಿಲ ಹೊರಗಿನಿಂದ ಒಳಗೆ ಬಂದಿದ್ದಾರೆ, ಯಾರನ್ನು ಒಳಗೆ ಬಿಡಬೇಕು ಎಂಬ ಮಾತಿನಲ್ಲಿ ಅವರದೂ ಪಾಲಿದೆ.

1950ರ ದಶಕದ ಆ ಸಭ್ಯ ಮತದಾರರಿಗೂ ತಮ್ಮ ಪಿಂಚಣಿ, ತಮ್ಮ ಮನೆಯ ಬೆಲೆ, ತಮ್ಮ ಮಕ್ಕಳ ಶಾಲೆ ಮುಖ್ಯವಾಗಿದ್ದವು. ಬೆಂಗಳೂರಿನ ಹೆಣ್ಣುಮಗಳ ಮಗನಿಗೆ ಮತ ಹಾಕಿದವರಿಗೂ ಅವೇ ಮುಖ್ಯ. ತಮ್ಮ ಕೆಲಸ ಆದ ಮೇಲೆ ಅವರು ತಮ್ಮ ಪ್ರತಿನಿಧಿಯಿಂದ ಇನ್ನೇನನ್ನು ಕೇಳುತ್ತಾರೆ ಎಂಬುದು ಮುಂದಿನ ಚುನಾವಣೆಗಳಲ್ಲಿ ಗೊತ್ತಾಗಬೇಕು.