ಬೆಂಗಳೂರು–ಮೈಸೂರು ರಸ್ತೆ: ಹೇರೆತ್ತಿನಿಂದ ದಶಪಥದವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಸುಮಾರು 140 ಕಿಲೋಮೀಟರ್ ದಾರಿ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂಬ ಊರುಗಳ ಸಾಲು ಹಳೆಯ ಮೈಸೂರು ಸೀಮೆಯವರಿಗೆ ಬಾಯಿಪಾಠ. ಒಂದೂರಿನಿಂದ ಮುಂದಿನ ಊರಿಗೆ 12ರಿಂದ 25 ಕಿಲೋಮೀಟರ್ ಅಂತರವಿದೆ. ಹೊರೆ ಹೊತ್ತ ಎತ್ತು ದಿನವೊಂದಕ್ಕೆ ದಣಿಯದೆ ನಡೆಯುವುದೂ ಹೆಚ್ಚುಕಡಿಮೆ ಇಷ್ಟೇ ದೂರ. ಎತ್ತು, ಗಾಡಿ, ರೈಲು, ಬಸ್ಸು, ಕಾರು ಎಂದು ಸಾಗುವ ಸಾಧನ ಬದಲಾದಾಗಲೆಲ್ಲ ನಿಲ್ಲುವ ಜಾಗ ಬದಲಾಯಿತು, ನಿಂತ ಜಾಗದಲ್ಲಿ ಪೇಟೆ ಬೆಳೆಯಿತು. ಈ ದಾರಿಯ ಚರಿತ್ರೆ ಬಹುಮಟ್ಟಿಗೆ ಅದರ ತಂಗುದಾಣಗಳ ಚರಿತ್ರೆ.

ರಾಜಧಾನಿ ಮತ್ತು ಪೇಟೆ

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಚಿಕ್ಕದೇವರಾಜ ಒಡೆಯರು 1687ರಲ್ಲಿ ಮೊಗಲ್ ಸೇನಾನಿ ಖಾಸಿಂ ಖಾನನಿಗೆ 3 ಲಕ್ಷ ರೂಪಾಯಿ ಕೊಟ್ಟು ಬೆಂಗಳೂರನ್ನು ಪಡೆದರು. ಅಂದಿನಿಂದ ಎರಡೂ ಊರುಗಳು ಒಂದೇ ಆಳ್ವಿಕೆಗೆ ಸೇರಿದವು. ಶ್ರೀರಂಗಪಟ್ಟಣದಲ್ಲಿ ಅರಮನೆ ಮತ್ತು ಖಜಾನೆ, ಬೆಂಗಳೂರಿನಲ್ಲಿ ವ್ಯಾಪಾರದ ಪೇಟೆ. ಇವೆರಡರ ನಡುವೆ ಹಣ, ದವಸ, ಸುದ್ದಿ, ಸೈನ್ಯ ಓಡಾಡಲೇಬೇಕಾಯಿತು. ಚಿಕ್ಕದೇವರಾಜರ ಕಾಲದಲ್ಲೇ ನೆಲೆಯಾದ ಅಂಚೆ ವ್ಯವಸ್ಥೆಯಲ್ಲಿ ಓಲೆ ಹೊತ್ತ ಓಟಗಾರರು ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡಿ ಚೀಲ ಬದಲಾಯಿಸಿಕೊಳ್ಳುತ್ತಿದ್ದರು. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೂ ನಡೆಯಿತು.

ಆಗಿನ ದಾರಿ ಈಗಿನ ಅರ್ಥದ ರಸ್ತೆಯಲ್ಲ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಸರಕು ಸಾಗುತ್ತಿದ್ದುದು ಹೆಚ್ಚಾಗಿ ಹೇರೆತ್ತುಗಳ ಬೆನ್ನ ಮೇಲೆ. ಮದ್ದೂರಿನಲ್ಲಿ ಶಿಂಷಾ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಅಡ್ಡ ಬರುತ್ತಿದ್ದವು. ಹೊಳೆ ತುಂಬಿದರೆ ಹರಿಗೋಲು, ಅದೂ ನಡೆಯದಿದ್ದರೆ ನೀರು ಇಳಿಯುವವರೆಗೆ ಕಾಯುವುದು. ಹೊರಡುವವರು ಮೊದಲು ಲೆಕ್ಕ ಹಾಕುತ್ತಿದ್ದುದು ದೂರವನ್ನಲ್ಲ, ನೀರು ಮತ್ತು ಮೇವನ್ನು. ಯಾವ ಕೆರೆಯಲ್ಲಿ ನೀರಿದೆ, ಯಾವ ಗುಂಡುತೋಪಿನಲ್ಲಿ ಎತ್ತು ಬಿಚ್ಚಬಹುದು, ಯಾವ ಛತ್ರದಲ್ಲಿ ರಾತ್ರಿ ಮಲಗಬಹುದು ಎಂಬುದು ಗೊತ್ತಿದ್ದವರಿಗೆ ಮಾತ್ರ ಪ್ರಯಾಣ ಸುಗಮ. ಕೆರೆ ಕಟ್ಟಿಸುವುದು, ತೋಪು ನೆಡಿಸುವುದು, ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವುದು ಪುಣ್ಯದ ಕೆಲಸವೆನಿಸಿದ್ದರಿಂದಲೇ ದೂರದ ಪ್ರಯಾಣ ಸಾಧ್ಯವಾಯಿತು.

ಮೇವು ತಪ್ಪಿದ ದಂಡು

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಮೂರನೆಯ ಮೈಸೂರು ಯುದ್ಧವೇ ಸಾಕ್ಷಿ. ಬ್ರಿಟಿಷ್ ಸೇನೆಯನ್ನು ನಡೆಸುತ್ತಿದ್ದ ಲಾರ್ಡ್ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಸುಲ್ತಾನನ ಪಡೆ ಮೇವು, ದವಸ ಏನೂ ಸಿಗದಂತೆ ಮಾಡಿತ್ತು. ಹಾಗಾಗಿ ದಂಡು ದಕ್ಷಿಣಕ್ಕೆ ಸರಿದು ಕನಕಪುರದ ಕಡೆಯ ದಾರಿ ಹಿಡಿದು ಅರಕೆರೆಯ ಬಳಿ ಕಾವೇರಿ ತೀರ ತಲುಪಿತು. ಅಷ್ಟರಲ್ಲಿ ಮುಂಗಾರು ಇಳಿದು ಹೊಳೆ ಏರಿತು. ಮೇವಿಲ್ಲದೆ ಎತ್ತುಗಳು ಲೆಕ್ಕವಿಲ್ಲದಷ್ಟು ಸತ್ತವು. ಎಳೆಯಲು ಎತ್ತುಗಳೇ ಉಳಿಯದ ಕಾರಣ ಕೋಟೆ ಒಡೆಯಲು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಕಾರ್ನ್‌ವಾಲಿಸ್ ಬೆಂಗಳೂರಿಗೆ ಹಿಂದಿರುಗಬೇಕಾಯಿತು.

ಮುಂದಿನ ಬಾರಿ ಸಿದ್ಧತೆ ಬೇರೆಯಾಗಿತ್ತು. ದಾರಿಯನ್ನು ಕಾಯುತ್ತಿದ್ದ ದುರ್ಗಗಳನ್ನೇ ಮೊದಲು ಕೈವಶ ಮಾಡಿಕೊಳ್ಳಲಾಯಿತು. ಸಾವನದುರ್ಗ 1791ರ ಡಿಸೆಂಬರ್‌ನಲ್ಲಿ ಬಿತ್ತು. ರಾಮಗಿರಿ ಮತ್ತು ಶಿವನಗಿರಿಯ ಸರದಿಯೂ ಬಂತು. ದವಸ ಸಾಗಿಸುವ ಹೊಣೆಯನ್ನು ಸಾವಿರಾರು ಹೇರೆತ್ತುಗಳ ಒಡೆಯರಾದ ಲಂಬಾಣಿ ವ್ಯಾಪಾರಿಗಳು ಹೊತ್ತರು. ಬೆನ್ನ ಹಿಂದಿನ ದಾರಿ ಭದ್ರವಾದ ಮೇಲೆ 1792ರ ಫೆಬ್ರವರಿಯಲ್ಲಿ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿತು, ಮಾರ್ಚ್‌ನಲ್ಲಿ ಒಪ್ಪಂದವಾಯಿತು.

ಪೂರ್ಣಯ್ಯನವರ ಸೇತುವೆ

ಟಿಪ್ಪು 1799ರಲ್ಲಿ ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಬಂತು. ಮರುವರ್ಷ ಮೇ ತಿಂಗಳಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಸಾಗಿ, ಕಂಡ ಹೊಲ, ಬೆಳೆ, ಕಸುಬುಗಳನ್ನು ಬರೆದಿಟ್ಟ. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಯುದ್ಧದಿಂದ ನಲುಗಿದ್ದ ಈ ಪ್ರದೇಶದಲ್ಲಿ ಕಸುಬು ಸತ್ತಿರಲಿಲ್ಲ. ತಂತಿವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೆ ಚನ್ನಪಟ್ಟಣ ಆಗ ಹೆಸರುವಾಸಿ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಆಟಿಕೆಗಳೇ ಮುಂದೆ ಆ ಊರಿನ ಗುರುತಾದವು.

ದಾರಿಯನ್ನು ಮತ್ತೆ ಕಟ್ಟಿದವರು ದಿವಾನ್ ಪೂರ್ಣಯ್ಯ. ಬೆಂಗಳೂರು ಮತ್ತು ಮದ್ದೂರಿನ ನಡುವೆ ಅವರು 1800ರಲ್ಲಿ ಹೊಸ ಪೇಟೆಯೊಂದನ್ನು ನೆಲೆಗೊಳಿಸಿ, ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಎಂದು ಕರೆದರು. ಅದೇ ಇಂದಿನ ರಾಮನಗರ. ಪೇಟೆಯ ಹೆಸರು ಬದಲಾದರೂ ಸುತ್ತಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಪೂರ್ಣಯ್ಯ ಕಲ್ಲುಕಂಬಗಳ ಮೇಲೆ ಸೇತುವೆ ಕಟ್ಟಿಸಿದರು. ಅದು 1804ರಲ್ಲಿ ಮುಗಿದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಪಡೆಯಿತು. ಕಮಾನುಗಳಿಲ್ಲದೆ, ಕಂಬದ ಮೇಲೆ ಕಲ್ಲುತೊಲೆ ಕೂರಿಸಿದ ಆ ಸೇತುವೆ ದೇವಾಲಯ ಕಟ್ಟುವ ಕೈಗಳ ಜಾಣ್ಮೆ. ಹೊಳೆಯ ಏರಿಳಿತ ನೋಡಿ ಹೊರಡುವ ದಿನ ಗೊತ್ತುಮಾಡುವ ಕಷ್ಟ ಅಲ್ಲಿಂದ ಬಹುಮಟ್ಟಿಗೆ ತಪ್ಪಿತು.

ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ವಹಿಸಿಕೊಂಡು ಕಚೇರಿಗಳನ್ನು ಬೆಂಗಳೂರಿಗೆ ಒಯ್ದರು. ದೊರೆ ಮೈಸೂರಿನಲ್ಲಿ, ಸರ್ಕಾರ ಬೆಂಗಳೂರಿನಲ್ಲಿ. ಒಂದು ರಾಜ್ಯಕ್ಕೆ ಎರಡು ಕೇಂದ್ರಗಳಾದ್ದರಿಂದ ಈ ರಸ್ತೆಗೆ ಬಿಡುವಿಲ್ಲದ ಓಡಾಟ ಖಾಯಂ ಆಯಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಸಂಸ್ಥಾನದಾದ್ಯಂತ ರಸ್ತೆ, ಸೇತುವೆಗಳನ್ನು ಮಾಡಿಸಿದ. ಗಾಡಿ ಉರುಳಬಲ್ಲ ರಸ್ತೆ ಸಿಕ್ಕ ಮೇಲೆ ಹೇರೆತ್ತಿನ ಜಾಗಕ್ಕೆ ಜೋಡೆತ್ತಿನ ಗಾಡಿ ಬಂತು. ಅಧಿಕಾರಿಗಳ ತಂಗುವಿಕೆಗೆ ಬಂಗಲೆಗಳು ಎದ್ದವು.

ರೈಲು, ನಾಲೆ, ಬಸ್ಸು

ಸಂಸ್ಥಾನವನ್ನು 1876–78ರ ಭೀಕರ ಬರ ಅಪ್ಪಳಿಸಿತು. ಹಸಿದವರಿಗೆ ಕೆಲಸ ಕೊಡುವುದಕ್ಕೂ, ದವಸ ಬೇಗ ಸಾಗಿಸುವುದಕ್ಕೂ ರೈಲುದಾರಿ ಬೇಕೆಂಬುದು ಆ ಬರ ಕಲಿಸಿದ ಪಾಠ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ದಿನಗಟ್ಟಲೆ ಹಿಡಿಯುತ್ತಿದ್ದ ಪಯಣ ಕೆಲವೇ ಗಂಟೆಗಳಿಗೆ ಇಳಿಯಿತು. ರಾತ್ರಿ ತಂಗುವ ಅಗತ್ಯವೇ ಹೋದ ಮೇಲೆ ಛತ್ರಗಳು ಸೊರಗಿದವು. ನಿಲ್ಲುವ ಜಾಗವೆಂದರೆ ರೈಲ್ವೆ ನಿಲ್ದಾಣ, ನಿಲ್ಲುವ ಹೊತ್ತೆಂದರೆ ಕೆಲವು ನಿಮಿಷ. ಆ ಅವಸರಕ್ಕೆ ಒಪ್ಪುವ ತಿಂಡಿಯೂ ಹುಟ್ಟಿತು. ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ 1917ರಲ್ಲಿ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವು ಬೆರೆಸಿ ತಟ್ಟಿ ಕರಿದದ್ದೇ ಮದ್ದೂರು ವಡೆಯ ಮೊದಲೆಂಬುದು ಪ್ರಚಲಿತ ಕಥನ. ಬೇಳೆ ನೆನೆಸಿ ರುಬ್ಬುವ ಕೆಲಸವಿಲ್ಲ, ಬೇಗ ಹಳಸುವುದಿಲ್ಲ, ಕೈಯಲ್ಲಿ ಹಿಡಿದೇ ತಿನ್ನಬಹುದು: ಪ್ರಯಾಣಕ್ಕೆ ಹೇಳಿ ಮಾಡಿಸಿದ ತಿಂಡಿ.

ಮಂಡ್ಯದ ಕಥೆ ಬೇರೆ. ಕನ್ನಂಬಾಡಿ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಬೆಳೆಯುತ್ತಿದ್ದ ಒಣಭೂಮಿಗೆ ಕಾವೇರಿ ನೀರು ತಂದಿತು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರ ಸುಮಾರಿಗೆ ಕಬ್ಬು ಅರೆಯತೊಡಗಿತು. 1939ರಲ್ಲಿ ಮಂಡ್ಯ ಹೊಸ ಜಿಲ್ಲೆಯ ಕೇಂದ್ರವಾಯಿತು. ಅಂದಿನಿಂದ ಈ ರಸ್ತೆಯ ಆ ತುಂಡು ಕಬ್ಬಿನ ಗಾಡಿಗಳ, ಆಲೆಮನೆಗಳ, ಬೆಲ್ಲದ ಮಂಡಿಗಳ ಸೀಮೆ. ರಾಜಕೀಯಕ್ಕೂ ರಸ್ತೆಯೇ ಅಂಗಳ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ ನಿಷೇಧ ಮುರಿದು ರಾಷ್ಟ್ರಧ್ವಜ ಹಾರಿಸಿತು. ಅಲ್ಲಿನ ಸತ್ಯಾಗ್ರಹ ಸೌಧ ಅದರ ನೆನಪಿಗೆ ನಿಂತಿದೆ. ಮುಂದಿನ ದಶಕಗಳಲ್ಲಿ ಕಾವೇರಿ ನೀರಿನ ವಿವಾದ ಭುಗಿಲೆದ್ದಾಗಲೆಲ್ಲ ಮದ್ದೂರು ಮತ್ತು ಮಂಡ್ಯದ ರೈತರು ಹೆದ್ದಾರಿಯಲ್ಲೇ ಕುಳಿತರು. ಆ ದಿನಗಳಲ್ಲಿ ಕನಕಪುರ–ಮಳವಳ್ಳಿ ದಾರಿಯೇ ಪ್ರಯಾಣಿಕರ ಆಸರೆ.

ಬಸ್ಸಿನ ಯುಗಕ್ಕೆ 1948 ಒಂದು ಗುರುತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ರೈಲಿನ ವೇಳೆಗೆ ಕಾಯುವ ಗೊಡವೆ ತಪ್ಪಿ, ಬಸ್‌ಸ್ಟ್ಯಾಂಡಿಗೆ ಹೋಗಿ ಸಿಕ್ಕ ಬಸ್ಸು ಹತ್ತುವ ರೂಢಿ ಬೆಳೆಯಿತು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ ಅಂಗಡಿ, ಮದ್ದೂರಿನ ವಡೆ ಮತ್ತು ಎಳನೀರು ರಸ್ತೆಬದಿಯ ವ್ಯಾಪಾರವಾಗಿ ಬಲಿತವು.

ನಾಲ್ಕು ಪಥದಿಂದ ದಶಪಥಕ್ಕೆ

ರಾಜ್ಯ ಹೆದ್ದಾರಿ 17 ಎಂದು ಕರೆಯಲಾಗುತ್ತಿದ್ದ ಈ ರಸ್ತೆ 2000ರ ದಶಕದಲ್ಲಿ ನಾಲ್ಕು ಪಥಗಳಿಗೆ ಅಗಲವಾಯಿತು. ಬಿಡದಿಯಲ್ಲಿ ಕಾರು ಕಾರ್ಖಾನೆ ಬಂತು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದಲೇ ದಾರಿಹೋಕರನ್ನು ಸೆಳೆಯುತ್ತಿತ್ತು. ಸ್ವಂತ ಕಾರಿನವರ ವಾರಾಂತ್ಯದ ಪ್ರವಾಸ ಸಾಮಾನ್ಯವಾಯಿತು. ಆದರೆ ರಸ್ತೆ ಪ್ರತಿಯೊಂದು ಪೇಟೆಯ ನಡುವಿನಿಂದಲೇ ಹಾಯುತ್ತಿದ್ದುದರಿಂದ ಸಿಗ್ನಲ್, ಉಬ್ಬು, ಸಂತೆಯ ಜನಸಂದಣಿ ಸೇರಿ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಊರುಗಳನ್ನು ತಾಗದ ಬೇರೆಯೇ ರಸ್ತೆಗಾಗಿ 1997ರಲ್ಲಿ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಒಪ್ಪಂದವಾದರೂ, ಭೂಸ್ವಾಧೀನದ ವಿವಾದ ಮತ್ತು ಮೊಕದ್ದಮೆಗಳಲ್ಲಿ ಸಿಲುಕಿ ಅದು ಬೆಂಗಳೂರಿನ ಅಂಚಿನ ನೈಸ್ ರಸ್ತೆಯಾಚೆಗೆ ಬೆಳೆಯಲಿಲ್ಲ.

ಕೊನೆಗೆ ಹಳೆಯ ದಾರಿಯೇ ರಾಷ್ಟ್ರೀಯ ಹೆದ್ದಾರಿ 275ರ ಭಾಗವಾಗಿ ಹೊಸ ರೂಪ ಪಡೆಯಿತು. 2018ರಲ್ಲಿ ಶಂಕುಸ್ಥಾಪನೆ, 2023ರ ಮಾರ್ಚ್ 12ರಂದು ಉದ್ಘಾಟನೆ. ಉದ್ದ ಸುಮಾರು 118 ಕಿಲೋಮೀಟರ್, ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥಗಳ ಮುಖ್ಯರಸ್ತೆ, ಎರಡೂ ಬದಿಗೆ ಎರಡೆರಡು ಪಥಗಳ ಸರ್ವಿಸ್ ರಸ್ತೆ. ಒಟ್ಟು ಹತ್ತಾದ್ದರಿಂದ ಪತ್ರಿಕೆಗಳು ಇದನ್ನು ದಶಪಥ ಎಂದವು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್‌ಗಳು ಬಂದವು. ಪ್ರಯಾಣದ ಹೊತ್ತು ಸುಮಾರು ಒಂದೂವರೆ ಗಂಟೆಗೆ ಇಳಿಯಿತು.

ವೇಗಕ್ಕೆ ತೆತ್ತ ಬೆಲೆಯೂ ದೊಡ್ಡದು. ಮೊದಲ ತಿಂಗಳುಗಳಲ್ಲೇ ಅಪಘಾತಗಳಲ್ಲಿ ಹಲವರು ಜೀವ ಕಳೆದುಕೊಂಡರು. ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯರಸ್ತೆಯಲ್ಲಿ ಪ್ರವೇಶ ನಿಷೇಧವಾಯಿತು. ಕಾರಿನ ವೇಗಕ್ಕೆ ಗಂಟೆಗೆ 100 ಕಿಲೋಮೀಟರ್ ಮಿತಿ ಬಿತ್ತು, ಅದನ್ನು ಕಾಯಲು ಕ್ಯಾಮೆರಾಗಳು ಬಂದವು. ಇತ್ತ ಬೈಪಾಸ್‌ನ ಆಚೆ ಉಳಿದ ಪೇಟೆಗಳಲ್ಲಿ ಬೊಂಬೆ ಅಂಗಡಿ, ಹೋಟೆಲುಗಳ ವ್ಯಾಪಾರ ಕುಸಿಯಿತು. ಪೂರ್ಣಯ್ಯನವರ ಕಾಲದಿಂದ ಬದಲಾದ ಪ್ರತಿ ರಸ್ತೆಯೂ ಈ ಊರುಗಳ ಮೂಲಕವೇ ಹಾದಿತ್ತು. ಅವುಗಳನ್ನು ಬಿಟ್ಟು ಹೋದ ಮೊದಲ ರಸ್ತೆ ಇದು.

ಆದ್ದರಿಂದ ಇಂದು ಈ ದಾರಿಯಲ್ಲಿ ಹೊರಡುವವರ ಸಿದ್ಧತೆಯೂ ಹೊಸ ಬಗೆಯದು. ಬರೀ ಮೈಸೂರು ಸೇರಬೇಕಾದವರಿಗೆ ಫಾಸ್ಟ್ಯಾಗ್‌ನಲ್ಲಿ ಹಣ, ಹೊರಡುವ ಮುನ್ನವೇ ತುಂಬಿಸಿದ ಇಂಧನ ಸಾಕು. ಮುಖ್ಯರಸ್ತೆಗೆ ಏರಿದ ಮೇಲೆ ಮನಸ್ಸು ಬಂದ ಕಡೆ ಇಳಿಯಲಾಗದು, ನಿರ್ಗಮನದ ಜಾಗ ತಪ್ಪಿದರೆ ಬಹುದೂರ ಹೋಗಿ ತಿರುಗಬೇಕು. ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳುವ, ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿಗೆ ಹೋಗಿ ಹೆಜ್ಜಾರ್ಲೆಗಳನ್ನು ನೋಡುವ, ಶ್ರೀರಂಗಪಟ್ಟಣದ ಕೋಟೆಯಲ್ಲಿ ಅಡ್ಡಾಡುವ ಆಸೆಯುಳ್ಳವರು ಎಲ್ಲಿ ಇಳಿಯಬೇಕೆಂದು ಮನೆಯಲ್ಲೇ ಗೊತ್ತುಮಾಡಿಕೊಳ್ಳಬೇಕು. ಸರ್ವಿಸ್ ರಸ್ತೆ ಮತ್ತು ಪೇಟೆಯೊಳಗಿನ ಹಳೆಯ ಹೆದ್ದಾರಿ ಅವರಿಗಾಗಿ ಈಗಲೂ ತೆರೆದಿವೆ. ಹಿಂದೆ ನಿಲ್ಲುವುದು ಅನಿವಾರ್ಯವಾಗಿತ್ತು. ಈಗ ಅದು ಪ್ರಯಾಣಿಕರ ಆಯ್ಕೆ. ಎತ್ತಿನ ದಣಿವಿನಿಂದ ಹುಟ್ಟಿದ ಈ ಊರುಗಳ ಪೇಟೆ, ಕಸುಬು, ತಿಂಡಿಗಳು ಮುಂದೆಯೂ ಬಾಳುವುದು ಎಷ್ಟು ಜನ ಆ ಆಯ್ಕೆ ಮಾಡುತ್ತಾರೆ ಎಂಬುದನ್ನು ಬಹಳಷ್ಟು ಅವಲಂಬಿಸಿದೆ.