ವಾರ್ಡಿಗೆ ಬಂದ ಕ್ರಿಸ್‌ಮಸ್ ಆಟಿಕೆಗಳು

ಆಸ್ಪತ್ರೆಯಲ್ಲಿರುವ ಮಕ್ಕಳಿಗಾಗಿ ಕ್ರಿಸ್‌ಮಸ್ ಹೊತ್ತಿಗೆ ಊರಿನ ಅಂಗಡಿಗಳಲ್ಲಿ ಆಟಿಕೆ ಕೂಡಿಸುವ ಪದ್ಧತಿ ಬ್ರಿಟನ್ನಿನಲ್ಲಿ ಇಂದಿಗೂ ಇದೆ. ಅದರ ಬೇರು ವಿಕ್ಟೋರಿಯಾ ರಾಣಿಯ ಕಾಲದ ಧರ್ಮಾಸ್ಪತ್ರೆಗಳಲ್ಲಿದೆ. ಆ ಆಸ್ಪತ್ರೆಗಳು ನಡೆಯುತ್ತಿದ್ದದ್ದೇ ಚಂದಾ ಹಣದಿಂದ. ಔಷಧಿಗೇ ಜನರ ಮುಂದೆ ಕೈಯೊಡ್ಡಬೇಕಾಗಿದ್ದ ಕಡೆ, ಗೊಂಬೆಗೆ ಹಣ ಎಲ್ಲಿಂದ ಬರಬೇಕು?

ಮಕ್ಕಳಿಗೆ ಆಸ್ಪತ್ರೆಯೆಂಬುದೇ ಆಗ ಹೊಸ ಮಾತು. 1843ರ ಜನವರಿಯಲ್ಲಿ ಲಂಡನ್ನಿನ ಆಸ್ಪತ್ರೆಗಳಲ್ಲಿದ್ದ 2,363 ರೋಗಿಗಳ ಪೈಕಿ ಕಾಯಿಲೆಗೆಂದು ಸೇರಿದ್ದ ಹತ್ತು ವರ್ಷದೊಳಗಿನ ಮಕ್ಕಳು 26 ಮಾತ್ರ. ಡಾ. ಚಾರ್ಲ್ಸ್ ವೆಸ್ಟ್ 1852ರ ಫೆಬ್ರುವರಿ 14ರಂದು ಗ್ರೇಟ್ ಆರ್ಮಂಡ್ ಬೀದಿಯ ಹಳೆಯ ಮನೆಯೊಂದರಲ್ಲಿ ಹತ್ತು ಹಾಸಿಗೆಗಳ ಮಕ್ಕಳ ಆಸ್ಪತ್ರೆ ತೆರೆದರು. ಆರು ವರ್ಷಗಳಲ್ಲಿ ಅದು ಹಣವಿಲ್ಲದೆ ಸೊರಗಿತು. 1858ರ ಫೆಬ್ರುವರಿಯ ಒಂದು ಔತಣಕೂಟದಲ್ಲಿ ಚಾರ್ಲ್ಸ್ ಡಿಕನ್ಸ್ ಮಾಡಿದ ಭಾಷಣ 3,000 ಪೌಂಡಿಗೂ ಹೆಚ್ಚು ಹಣ ತಂದುಕೊಟ್ಟಿತು. ಏಪ್ರಿಲ್ ತಿಂಗಳಲ್ಲಿ ಅವರು ಇದೇ ಆಸ್ಪತ್ರೆಯ ಸಹಾಯಾರ್ಥ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯನ್ನು ಸಭೆಯಲ್ಲಿ ಓದಿದರು. ಊರುಗೋಲು ಹಿಡಿದ ಬಡ ಹುಡುಗನೊಬ್ಬ ಆ ಕಥೆಯ ಜೀವ. ಹಬ್ಬ ಮುಗಿದು ನಾಲ್ಕು ತಿಂಗಳಾಗಿದ್ದರೂ ಜನ ಕಿಕ್ಕಿರಿದು ಕೇಳಿದರು. ಕಾಯಿಲೆಯ ಮಗುವಿಗೂ ಕ್ರಿಸ್‌ಮಸ್‌ಗೂ ಜನಮನದಲ್ಲಿ ಗಂಟು ಬಿದ್ದದ್ದರಲ್ಲಿ ಡಿಕನ್ಸ್ ಅವರ ಪಾಲು ದೊಡ್ಡದು.

ಆಟಿಕೆ ಕೂಡಿಸುವುದನ್ನು ವರ್ಷವರ್ಷದ ಪದ್ಧತಿಯಾಗಿ ಬೆಳೆಸಿದವರಲ್ಲಿ ಹೆನ್ರಿ ಲಬೂಶೇರ್ ಮುಖ್ಯರು. ಹಿಂದೆ ಪಾರ್ಲಿಮೆಂಟ್ ಸದಸ್ಯರಾಗಿದ್ದ ಅವರು 1877ರಲ್ಲಿ ‘ಟ್ರೂತ್’ ಎಂಬ ವಾರಪತ್ರಿಕೆ ಆರಂಭಿಸಿದರು. ದಾನದ ಹೆಸರಿನಲ್ಲಿ ಹಣ ನುಂಗುವವರನ್ನು ಹೆಸರು ಹಿಡಿದು ಬಯಲಿಗೆಳೆಯುವುದರಲ್ಲಿ ಪತ್ರಿಕೆ ಹೆಸರಾಗಿತ್ತು. ಆದ್ದರಿಂದಲೇ ಅದು ತಾನೇ ಒಂದು ಆಟಿಕೆ ನಿಧಿ ತೆರೆದಾಗ ಓದುಗರು ನಂಬಿದರು. ಬರಿಯ ಗೊಂಬೆಗಳನ್ನು ಓದುಗರ ಮನೆಗೆ ಕಳಿಸಲಾಗುತ್ತಿತ್ತು. ಹೆಂಗಸರು ಅವಕ್ಕೆ ಅಂಗಿ, ಟೋಪಿ ಹೊಲಿದು ತೊಡಿಸಿ ಹಿಂದಿರುಗಿಸುತ್ತಿದ್ದರು. ಚೆನ್ನಾಗಿ ಸಿಂಗರಿಸಿದವರಿಗೆ ಬಹುಮಾನವಿತ್ತು. ಡಿಸೆಂಬರಿನಲ್ಲಿ ಸಾವಿರಾರು ಗೊಂಬೆಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಪ್ರದರ್ಶನ ಮುಗಿದ ಮೇಲೆ ಅವು ಆಸ್ಪತ್ರೆಗಳಿಗೂ ಬಡವರ ದುಡಿಮೆ ಮನೆಗಳಿಗೂ ಹೋಗುತ್ತಿದ್ದವು. ಹಣ ಕೊಟ್ಟು ಮರೆಯುವ ದಾನಕ್ಕಿಂತ ಇದು ಮೇಲು: ಕಂಡರಿಯದ ಮಗುವಿಗಾಗಿ ಯಾರೋ ದೀಪದ ಮುಂದೆ ಕುಳಿತು ಹೊಲಿದ ಬಟ್ಟೆ ಅದರ ಕೈಗೆ ತಲುಪುತ್ತಿತ್ತು.

ಅಂಗಡಿಗಳೂ ಅದೇ ಹೊತ್ತಿಗೆ ಹಬ್ಬವನ್ನು ತಮ್ಮದಾಗಿಸಿಕೊಂಡವು. ಲಿವರ್‌ಪೂಲಿನಲ್ಲಿ ಡೇವಿಡ್ ಲೂಯಿಸ್ ಅವರ ದೊಡ್ಡ ಅಂಗಡಿ 1879ರಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಮಾಯಾಲೋಕ ಕಟ್ಟಿತು. ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ 1888ರಲ್ಲಿ ರಾಬರ್ಟ್ಸ್ ಅಂಗಡಿ ಸಾಂತಾ ಕ್ಲಾಸ್ ತಾತನನ್ನು ಕೂರಿಸಿತು. ಕಪಾಟುಗಳಲ್ಲಿ ತುಂಬಿದ್ದು ಬಹುಪಾಲು ಜರ್ಮನಿಯ ಅಗ್ಗದ ಆಟಿಕೆ. 1914ರ ಯುದ್ಧ ಆ ಸರಕನ್ನು ನಿಲ್ಲಿಸಿದಾಗ, ಸೇನಾಪತಿ ಲಾರ್ಡ್ ರಾಬರ್ಟ್ಸ್ ಅವರ ಸ್ಮಾರಕ ಕಾರ್ಯಾಗಾರಗಳಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಆಟಿಕೆ ಮಾಡಿದರು.

ವಾರ್ಡಿನೊಳಗೆ ಹಬ್ಬಕ್ಕೆ ತನ್ನದೇ ಕಟ್ಟಳೆಗಳು ಬೆಳೆದವು. ಹಿರಿಯ ಸರ್ಜನ್ ಮಕ್ಕಳೆದುರು ತಾವೇ ಟರ್ಕಿ ಕೋಳಿ ಕೊಯ್ದು ಬಡಿಸುವರು. ನರ್ಸುಗಳು ತಮ್ಮ ನೀಲಿ ಮೇಲಂಗಿಯ ಕೆಂಪು ಒಳಮೈಯನ್ನು ಹೊರಮಾಡಿ ತೊಟ್ಟು, ಲಾಂದ್ರ ಹಿಡಿದು, ಕ್ರಿಸ್‌ಮಸ್ ಹಾಡು ಹೇಳುತ್ತ ಸುತ್ತುವರು. ಆದರೆ ತಂದೆತಾಯಿಗಳಿಗೆ ಪ್ರವೇಶ ಬಲು ಬಿಗಿ. ಸ್ಕಾರ್ಲೆಟ್ ಜ್ವರದ ಮಕ್ಕಳನ್ನು ವಾರಗಟ್ಟಲೆ ಪ್ರತ್ಯೇಕ ಜ್ವರದ ಆಸ್ಪತ್ರೆಗಳಲ್ಲಿಡುತ್ತಿದ್ದರು. ತಾಯಿ ಕಿಟಕಿಯ ಗಾಜಿನಾಚೆ ನಿಂತು ನೋಡಬೇಕು. ಒಳಗೆ ಕೊಟ್ಟ ಬಟ್ಟೆಯ ಗೊಂಬೆ ಸೋಂಕಿನ ಭಯದಿಂದ ಮಗುವಿನ ಜೊತೆ ಮನೆಗೆ ಬರುವಂತಿರಲಿಲ್ಲ. ಮಕ್ಕಳ ಒಂಟಿತನ ಯಾರ ಲೆಕ್ಕಕ್ಕೂ ಬಾರದೆ ಹೋದದ್ದು ಆ ಕಾಲದ ದೊಡ್ಡ ಕುರುಡು.

1948ರ ಜುಲೈ 5ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ಆಸ್ಪತ್ರೆಗಳನ್ನು ವಹಿಸಿಕೊಂಡಿತು. ಚಿಕಿತ್ಸೆಗಾಗಿ ಬೇಡುವುದು ತಪ್ಪಿತು, ಹಬ್ಬದ ಕೊಡುಗೆ ಉಳಿಯಿತು; ತಂದೆತಾಯಿಗಳ ಪ್ರವೇಶದ ಬಿಗಿಯೂ ಉಳಿಯಿತು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಸಂಕಟವನ್ನು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಿತ್ರೀಕರಿಸಿ ವೈದ್ಯರ ಮುಂದಿಟ್ಟರು. ಅನೇಕರು ಸಿಟ್ಟಾದರು. ಆದರೂ ಸರ್ಕಾರಿ ಸಮಿತಿಯೊಂದರ 1959ರ ಪ್ಲಾಟ್ ವರದಿ ತಂದೆತಾಯಿಗಳನ್ನು ನಿರ್ಬಂಧವಿಲ್ಲದೆ ಒಳಗೆ ಬಿಡಬೇಕೆಂದು ಶಿಫಾರಸು ಮಾಡಿತು. ಅದು ಎಲ್ಲೆಡೆ ಜಾರಿಗೆ ಬರಲು ಮತ್ತೂ ಹಲವು ವರ್ಷ ಹಿಡಿಯಿತು. ಇಷ್ಟು ವರ್ಷ ಕೊಟ್ಟ ಎಲ್ಲ ಗೊಂಬೆಗಳಿಗಿಂತ ಮಕ್ಕಳಿಗೆ ದೊಡ್ಡ ಉಪಕಾರ ಮಾಡಿದ್ದು ಆ ವರದಿಯೇ.

ಆಟಿಕೆಯ ಬೆಲೆಯೇನೂ ಅದರಿಂದ ಕುಂದಲಿಲ್ಲ. ಮಕ್ಕಳ ವಾರ್ಡುಗಳಲ್ಲಿ ಆಟವಾಡಿಸಲೆಂದೇ ತರಬೇತಾದ ಸಿಬ್ಬಂದಿ ಬಂದ ಮೇಲೆ, ಯಾವ ವಯಸ್ಸಿಗೆ ಏನು ಬೇಕೆಂದು ಅವರೇ ಹೇಳುವಂತಾಯಿತು. ಆಟಿಕೆ ಕೂಡಿಸಲು ಅಂಗಡಿಗಳಲ್ಲಿಡುವ ಪೆಟ್ಟಿಗೆಗೆ ಈಗ ಸಾಮಾನ್ಯವಾಗಿ ಹೊಸ, ಬಿಚ್ಚದ ಆಟಿಕೆಗಳನ್ನೇ ಕೇಳುತ್ತಾರೆ. ತೊಳೆದು ಒರೆಸಲಾಗದ ಮೆತ್ತನೆಯ ಗೊಂಬೆಗಳನ್ನು ಹಲವು ಆಸ್ಪತ್ರೆಗಳು ಬೇಡವೆನ್ನುತ್ತವೆ. ಪುಟ್ಟ ಮಕ್ಕಳಿಗೆ ಕೊಡುಗೆ ರಾಶಿ ಬಿದ್ದು ಹದಿಹರೆಯದವರಿಗೆ ಏನೂ ಉಳಿಯದಂತೆ ಆಗುವುದುಂಟು. ಹಾಗಾಗಿ ದೊಡ್ಡ ಮಕ್ಕಳಿಗೆಂದು ಪುಸ್ತಕ, ಚಿತ್ರ ಬಿಡಿಸುವ ಸಾಮಾನುಗಳನ್ನೂ ಪಟ್ಟಿಯಲ್ಲಿ ಸೇರಿಸುತ್ತಾರೆ.