ಕಂಬಂ ಕಣಿವೆಯ ಹವಾಮಾನ ಚರ್ಚೆ

ತಮಿಳುನಾಡಿನ ತೇನಿ ಜಿಲ್ಲೆಗೆ ಸೇರಿದ ಕಂಬಂ ಕಣಿವೆಯಲ್ಲಿ ಹವಾಮಾನ ಬದಲಾವಣೆ ಹಾಗೂ ನೈತಿಕ ಹೊಣೆಯನ್ನು ಕುರಿತ ಸಾರ್ವಜನಿಕ ಚರ್ಚೆಗೆ ಮುಲ್ಲಪೆರಿಯಾರ್ ಅಣೆಕಟ್ಟಿನಷ್ಟು ಹತ್ತಿರದ ವಿಷಯ ಮತ್ತೊಂದಿಲ್ಲ. 1886ರಲ್ಲಿ ತಿರುವಾಂಕೂರು ಸಂಸ್ಥಾನವು ಮದರಾಸು ಸರ್ಕಾರಕ್ಕೆ 999 ವರ್ಷಗಳ ಗುತ್ತಿಗೆ ಬರೆದುಕೊಟ್ಟ ಬಳಿಕ, ಬ್ರಿಟಿಷ್ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ನೇತೃತ್ವದಲ್ಲಿ ನಿರ್ಮಾಣಗೊಂಡು 1895ರಲ್ಲಿ ಬಳಕೆಗೆ ಬಂದ ಈ ಅಣೆಕಟ್ಟು ಕೇರಳದಲ್ಲಿದ್ದರೂ, ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಯ ನೀರನ್ನು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿ ಕಣಿವೆಯ ಭತ್ತದ ಗದ್ದೆಗಳಿಗೂ ಮುಂದೆ ವೈಗೈ ಬಯಲಿಗೂ ಉಣಿಸುತ್ತದೆ. ಪೆನ್ನಿಕ್ವಿಕ್ ಜನ್ಮದಿನವಾದ ಜನವರಿ 15ರಂದು ರೈತರು ಅವರ ಹೆಸರಿನಲ್ಲಿ ಪೊಂಗಲ್ ಬೇಯಿಸಿ ಹಂಚುವುದುಂಟು. ಇಂಥ ಕೃತಜ್ಞತೆಯನ್ನು ಬದಿಗಿಟ್ಟು ಇಲ್ಲಿ ನೀರಿನ ನ್ಯಾಯದ ಬಗ್ಗೆ ಮಾತಾಡಲಾಗದು.

ಎರಡು ರಾಜ್ಯಗಳ ನಡುವಿನ ವಾದದ ತಿರುಳು ಅಣೆಕಟ್ಟಿನಲ್ಲಿ ನಿಲ್ಲಿಸುವ ನೀರಿನ ಮಟ್ಟದ್ದು. ಸುಪ್ರೀಂ ಕೋರ್ಟ್ 2014ರಲ್ಲಿ 142 ಅಡಿಯ ಮಿತಿಯನ್ನು ಎತ್ತಿಹಿಡಿಯಿತಾದರೂ, 2018ರ ಆಗಸ್ಟ್‌ನಲ್ಲಿ ಕೇರಳ ಮಹಾಪ್ರವಾಹಕ್ಕೆ ತುತ್ತಾದಾಗ ಅದನ್ನು ತಾತ್ಕಾಲಿಕವಾಗಿ ತಗ್ಗಿಸಬೇಕಾಯಿತು. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದಾದ್ದರಿಂದ, ಅಲ್ಪಾವಧಿಯಲ್ಲಿ ಸುರಿಯುವ ಭಾರಿ ಮಳೆಯ ಸಂಭವ ಹೆಚ್ಚುತ್ತದೆ. ಇಲ್ಲಿ ಎರಡು ನೈತಿಕ ತತ್ತ್ವಗಳು ಎದುರುಬದುರಾಗುತ್ತವೆ: ಪೂರ್ಣ ಪುರಾವೆಗೆ ಕಾಯದೆ ಅಪಾಯ ತಡೆಯಬೇಕೆನ್ನುವ ಮುನ್ನೆಚ್ಚರಿಕೆಯ ತತ್ತ್ವವನ್ನು ಕೇರಳದಲ್ಲಿ ಅಣೆಕಟ್ಟಿನ ಕೆಳಗಿರುವ ಇಡುಕ್ಕಿಯ ತಗ್ಗುಪ್ರದೇಶದವರು ಮುಂದಿಟ್ಟರೆ, ತಲೆಮಾರುಗಳಿಂದ ಅವಲಂಬಿಸಿದ ಜೀವನಾಧಾರವನ್ನು ಕಸಿಯಬಾರದೆಂಬುದು ತೇನಿಯ ರೈತರ ನಿಲುವು. ಹತ್ತೊಂಬತ್ತನೆಯ ಶತಮಾನದ ಗುತ್ತಿಗೆಯ ಮಾತುಗಳನ್ನೇ ಜಗ್ಗಾಡುವ ರಾಜಕೀಯ ಭಾಷಣಗಳಲ್ಲಿ ಬದಲಾಗುತ್ತಿರುವ ಮಳೆಯ ಪ್ರಸ್ತಾಪ ಬರುವುದು ಅಪರೂಪ.